ಮನೆಯಲ್ಲಿ ನೋಡುವ ಬಿಪಿ ಒಂದೊಂದು ಸಲ ಒಂದೊಂದು ತೋರಿಸಿದರೆ ಯಾವುದನ್ನು ನಂಬಬೇಕು?

ಸುರತ್ಕಲ್‌ನಲ್ಲಿರುವ ನಿಮ್ಮ 58 ವರ್ಷದ ತಾಯಿಗೆ ಬೆಳಿಗ್ಗೆ 152/94, ಸಂಜೆ 136/84, ಕ್ಲಿನಿಕ್ಕಿನಲ್ಲಿ 160/96 ಬಂದಿದೆ. ಇವುಗಳಲ್ಲಿ ಯಾವುದು ಸರಿ, ವೈದ್ಯರಿಗೆ ಯಾವಾಗ ತೋರಿಸಬೇಕು ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಉಡುಪಿಯಲ್ಲಿ ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್. ನನಗೆ ತೋರುವಂತೆ ಮೂರೂ ಸರಿಯಿರಬಹುದು, ಏಕೆಂದರೆ ರಕ್ತದೊತ್ತಡ ದಿನವಿಡೀ ಏರಿಳಿಯುತ್ತಲೇ ಇರುತ್ತದೆ, ಮತ್ತು ಕೆಲವರಿಗೆ ಬಿಳಿ ಕೋಟು ಕಂಡರೇ ಅದು ಮೇಲೇರುತ್ತದೆ.

ಹೃದಯ ಸಂಕುಚಿಸಿ ರಕ್ತವನ್ನು ದೂಡುವಾಗಿನ ಒತ್ತಡ ಮೇಲಿನ ಸಂಖ್ಯೆ; ಎರಡು ಬಡಿತಗಳ ನಡುವೆ ಉಳಿಯುವ ಒತ್ತಡ ಕೆಳಗಿನದು. ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಮನೆಯಲ್ಲಿ ನೋಡಿದ್ದಕ್ಕೆ ಗಡಿ ಸ್ವಲ್ಪ ಕೆಳಗೆ, ಸರಾಸರಿ 135/85. ಎರಡರಲ್ಲಿ ಒಂದೇ ಸಂಖ್ಯೆ ಗಡಿ ದಾಟಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಆದರೆ ಸಂಖ್ಯೆಗಿಂತ ಮೊದಲು ನೋಡುವ ಕ್ರಮ ಸರಿಯಾಗಬೇಕು. ನನ್ನ ಅಂಗಡಿಗೆ ಬರುವವರಲ್ಲಿ ಅನೇಕರು ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದು, ಒಂದು ಕೈಯಲ್ಲಿ ಮೀನಿನ ಚೀಲ ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ, 'ಒಮ್ಮೆ ಪ್ರೆಶರ್ ನೋಡಿ ಮಾರಾಯ್ರೆ' ಎನ್ನುತ್ತಾರೆ. ಅವರನ್ನು ಕೂರಿಸಿ, ಮಾತು ನಿಲ್ಲಿಸಿ, ಐದು ನಿಮಿಷ ಬಿಟ್ಟು ನೋಡಿದರೆ ಸಂಖ್ಯೆ ಎಷ್ಟೋ ಸಲ ಇಳಿದಿರುತ್ತದೆ. ತಾಯಿಯವರು ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ, ಮೂತ್ರ ಕಟ್ಟಿಕೊಂಡಿರುವುದು ಬೇಡ. ಬೆನ್ನಿಗೆ ಆಧಾರವಿಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು ಕೂರಲಿ. ಪಟ್ಟಿಯನ್ನು ರವಿಕೆಯ ತೋಳಿನ ಮೇಲಲ್ಲ, ಬರಿಯ ಚರ್ಮಕ್ಕೆ ಸುತ್ತಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಇಲ್ಲದ ಬಿಪಿಯೂ ಕಾಣಿಸುತ್ತದೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಹೀಗೆ ಬೆಳಿಗ್ಗೆ ಸಂಜೆ ಒಂದು ವಾರ ಬರೆದ ಹಾಳೆಯ ಮುಂದೆ ಒಂದು ದಿನದ 160ಕ್ಕೆ ಅಷ್ಟೇನೂ ಬೆಲೆಯಿಲ್ಲ.

ಅಂಗಡಿಯವನಾಗಿ ಒಂದು ಮಾತು ಸೇರಿಸುತ್ತೇನೆ. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಬಿಪಿಯನ್ನು ಏರಿಸಬಲ್ಲವು. ವೈದ್ಯರು ಕೇಳದಿದ್ದರೂ ಅದನ್ನು ಹೇಳಿ. ಇನ್ನು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಅದರೊಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುಚ್ಚಲಕ್ಕಿ ಗಂಜಿಯಲ್ಲಿ ದೋಷವಿಲ್ಲ. ಅದರ ಬದಿಗೆ ಬಂದು ಕೂರುವ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಇವು ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರುತ್ತವೆ.

ತಕ್ಷಣ ಓಡಬೇಕಾದ ಸಂದರ್ಭ ಬೇರೆ. 180/120 ದಾಟಿದ್ದು, ಜತೆಗೆ ಎದೆನೋವು, ಉಸಿರಾಟದ ತೊಂದರೆ, ಸಹಿಸಲಾಗದ ತಲೆನೋವು, ದೃಷ್ಟಿ ಮಂಜಾಗುವುದು ಅಥವಾ ಗೊಂದಲ ಕಾಣಿಸಿಕೊಂಡರೆ ಮತ್ತೊಮ್ಮೆ ಅಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರಂತೂ ಬಿಪಿ ಎಷ್ಟೇ ಇರಲಿ ಹೊರಡಿ. ಈ ಯಾವ ಲಕ್ಷಣವೂ ಇಲ್ಲದೆ ಸಂಖ್ಯೆ ಮಾತ್ರ ಅಷ್ಟಿದ್ದರೆ, ಶಾಂತವಾಗಿ ಕೂತು ಐದು ನಿಮಿಷದ ಬಳಿಕ ಮತ್ತೆ ನೋಡಿ. ಇಳಿಯದಿದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಗರ್ಭಿಣಿಯರಿಗೆ ಈ ಸಡಿಲಿಕೆಯಿಲ್ಲ, 140/90 ಬಂದರೇ ತೋರಿಸಬೇಕು.

ನಿಮ್ಮ ತಾಯಿಯವರಿಗೆ ಅಂಥ ಲಕ್ಷಣಗಳಿಲ್ಲ ಎಂದಿದ್ದೀರಿ. ಹಾಗೆಂದು ಬಿಡುವಂತಿಲ್ಲ, ಏಕೆಂದರೆ ಹೆಚ್ಚಿನವರಿಗೆ ಏರಿದ ಬಿಪಿ ಯಾವ ಸುಳಿವನ್ನೂ ಕೊಡುವುದಿಲ್ಲ. ವಾರದ ಲೆಕ್ಕ ಬರೆದು ವೈದ್ಯರಿಗೆ ತೋರಿಸಿ, ಪಕ್ಕದ ಮನೆಯವರ ಮಾತ್ರೆಯನ್ನು ಮಾತ್ರ ಕೊಡಬೇಡಿ. ಹೋಗುವಾಗ ನಿಮ್ಮ ಯಂತ್ರವನ್ನೂ ಕೊಂಡೊಯ್ದರೆ ಅಲ್ಲಿಯದರೊಂದಿಗೆ ಹೋಲಿಸಿ ನೋಡಿಕೊಳ್ಳಬಹುದು.