ನೀಲಿ ಫೋಟೊ ಮನೆಯಲ್ಲೇ ಮಾಡಬಹುದಾ?

ಪ್ರಶ್ನೆ: ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಯಾವುದೋ ಕಾರ್ಯಾಗಾರಕ್ಕೆ ಹೋಗಿ, ಜರೀಗಿಡದ ಎಲೆಯ ಕಡುನೀಲಿ ಚಿತ್ರ ಮಾಡಿಕೊಂಡು ಬಂದಿದ್ದಾಳೆ. ಇದು ಕ್ಯಾಮೆರಾ ಇಲ್ಲದ ಫೋಟೊ ಅನ್ನುತ್ತಾಳೆ. ಗಾಜಿನ ಮೇಲೂ ಹಳೇ ಕಾಲದ ಥರ ಫೋಟೊ ತೆಗೆಯುವವರಿದ್ದಾರಂತೆ. ಫೋನಿನಲ್ಲಿ ಫಿಲ್ಟರ್ ಒತ್ತಿದರೆ ಇದೇ ನೀಲಿ ಬರುತ್ತದಲ್ಲ, ಇಷ್ಟೆಲ್ಲ ತಾಪತ್ರಯ ಯಾಕೆ? ಮನೆಯಲ್ಲಿ ಮಾಡಬಹುದಾ?
– ಓದುಗರು, ಶಿರಸಿ

ಉತ್ತರ: ಧಾರಾಳವಾಗಿ ಮಾಡಬಹುದು. ಇದರ ಹೆಸರು ಸಯನೋಟೈಪ್. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬಾಕೆ ಕಡಲಪಾಚಿಗಳನ್ನು ಕಾಗದದ ಮೇಲಿಟ್ಟು, ಹೀಗೇ ಅಚ್ಚು ತೆಗೆದು ಪುಸ್ತಕ ತರಲು ಶುರುಮಾಡಿದರು. ಅವರಿಗೂ ಕ್ಯಾಮೆರಾ ಬೇಕಾಗಲಿಲ್ಲ. ಆಮೇಲೆ ಬಹಳ ಕಾಲ ಇದು ಹೆಚ್ಚಾಗಿ ಎಂಜಿನಿಯರುಗಳ ಬ್ಲೂಪ್ರಿಂಟ್, ಅಂದರೆ ನಕ್ಷೆಗಳ ನೀಲಿ ಪ್ರತಿ ತೆಗೆಯುವ ಕೆಲಸಕ್ಕೆ ಬಳಕೆಯಾಯಿತು.

100 ಮಿ.ಲೀ. ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್. ಇನ್ನೊಂದು ಬಾಟಲಿಯಲ್ಲಿ ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಬೇಕಾದಾಗ ಸಮಸಮ ಬೆರೆಸಿ, ಮಂದ ಬಲ್ಬಿನ ಬೆಳಕಲ್ಲಿ ದಪ್ಪ ವಾಟರ್‌ಕಲರ್ ಕಾಗದಕ್ಕೆ ತೆಳ್ಳಗೆ ಬಳಿಯಿರಿ. ಕತ್ತಲಲ್ಲಿ ಒಣಗಲಿ. ಮೇಲೆ ಎಲೆ ಇಟ್ಟು, ಗಾಜು ಒತ್ತಿ, ಅಂಗಳದ ಬಿಸಿಲಿಗಿಡಿ. ಹಳದಿ ಮಿಶ್ರಿತ ಹಸಿರು ಕಾಗದ ನೀಲಿಗೆ ತಿರುಗಿ, ಕೊನೆಗೆ ಮಂಕಾದ ಕಂಚಿನ ಬಣ್ಣಕ್ಕೆ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕು. ಅವಸರಪಟ್ಟು ಎತ್ತಿದರೆ ತೊಳೆಯುವಾಗ ಅರ್ಧ ನೀಲಿ ನೀರುಪಾಲು! ಹಳದಿ ಪೂರ್ತಿ ಹೋಗುವ ತನಕ ತೊಳೆಯಿರಿ. ನೀಲಿ ಒಣಗುತ್ತಾ ಒಣಗುತ್ತಾ ಗಾಢವಾಗುತ್ತದೆ. ಕೊನೆಯ ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಆ ಗಾಢ ಬಣ್ಣ ಕೂಡಲೇ ಬರುತ್ತದೆ.

ಶಿರಸಿಯ ಮಳೆಗಾಲದಲ್ಲಿ ಮಾತ್ರ ಇದಕ್ಕೆ ಕೈಹಾಕಬೇಡಿ. ಕಾಗದವೂ ಒಣಗಲ್ಲ, ಬಿಸಿಲೂ ಸಿಗಲ್ಲ. ದೀಪಾವಳಿ ಕಳೆಯಲಿ. ಅಡುಗೆ ಪಾತ್ರೆ ಬಳಸಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಆ ಫೆರಿಸಯನೈಡ್ ಹತ್ತಿರವೂ ಬರಬಾರದು, ವಿಷಾನಿಲ ಏಳಬಹುದು. ಚಿತ್ರಕ್ಕೆ ಸೋಪು, ವಾಷಿಂಗ್ ಸೋಡಾ ತಾಗಿದರೆ ನೀಲಿ ಕರಗಿಹೋಗುತ್ತದೆ. ಗೋಡೆಯ ಮೇಲೆ ಬೆಳಕಿಗೆ ಮಾಸಿದರೆ ಗಾಬರಿ ಬೇಡ. ಕೆಲವು ದಿನ ಕಪಾಟಿನ ಕತ್ತಲಲ್ಲಿಡಿ, ಬಣ್ಣ ಬಹುಮಟ್ಟಿಗೆ ವಾಪಸ್ ಬರುತ್ತದೆ. ಯಾವ ಫಿಲ್ಟರ್ ಹೀಗೆ ಮಾಡುತ್ತದೆ ಹೇಳಿ?

ಗಾಜಿನದು ಬೇರೆ ವಿದ್ಯೆ, 1851ರಲ್ಲಿ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಹೇಳಿಕೊಟ್ಟದ್ದು. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸುರಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿ ಆರುವುದರೊಳಗೆ ಫೋಟೊ ತೆಗೆದು ಡೆವಲಪ್ ಮಾಡಬೇಕು. ನಮ್ಮ ಕಾಲದ ಛಾಯಾಗ್ರಾಹಕಿ ಸ್ಯಾಲಿ ಮ್ಯಾನ್ ಅಮೆರಿಕದ ಅಂತರ್ಯುದ್ಧ ನಡೆದ ಬಯಲುಗಳನ್ನು ಹೀಗೇ ತೆಗೆದರು. ಗಾಜಿನ ಮೇಲಿನ ಕಲೆ, ಗೀರು, ಧೂಳು ಎಲ್ಲ ಚಿತ್ರದಲ್ಲಿವೆ. ಅವರಿಗೆ ಅವು ಬೇಕಾಗಿದ್ದವು. ಫೋನಿನಲ್ಲಿ ಕಲೆ ಕೂಡ ಪ್ರತಿ ಸಲ ಒಂದೇ ಜಾಗದಲ್ಲಿ ಬೀಳುತ್ತದೆ, ಅಲ್ವಾ? ಆದರೆ ಇದನ್ನು ಸುಮ್ನೆ ವಿಡಿಯೋ ನೋಡಿ ಶುರುಮಾಡಬೇಡಿ. ಕೊಲೋಡಿಯನ್‌ನಲ್ಲಿರುವ ಈಥರ್‌ಗೆ ಬೇಗ ಬೆಂಕಿ ಹತ್ತುತ್ತದೆ. ಸಿಲ್ವರ್ ನೈಟ್ರೇಟ್ ಚರ್ಮ ಕಪ್ಪಾಗಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಲ್ಲವರು ಪಕ್ಕದಲ್ಲಿ ನಿಂತು ಕಲಿಸುವ ಹಾಗಿದ್ದರೆ ಮಾತ್ರ ಮಾಡಿ.

ಅಂದಹಾಗೆ, ಎಲೆ ಬೇಜಾರಾದರೆ ಫೋನಿನಲ್ಲಿರುವ ಫೋಟೊವನ್ನೇ ನೆಗೆಟಿವ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಗೆ ಪ್ರಿಂಟ್ ಹಾಕಿಸಿ, ಎಲೆಯ ಜಾಗದಲ್ಲಿ ಇಡಿ. ಹಾಳೆ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು ಬರುತ್ತದೆ.