20 ಅಡಿ ಪಾತಿಗೆ ಎಷ್ಟು ಚೀಲ ಮಲ್ಚ್ ಬೇಕು?

20 ಅಡಿ ಉದ್ದ, 4 ಅಡಿ ಅಗಲದ ಹೂವಿನ ಪಾತಿಗೆ 50 ಲೀಟರಿನ ಮಲ್ಚ್ (ಮಣ್ಣಿನ ಮೇಲೆ ಹಾಸುವ ಹೊದಿಕೆ) ಚೀಲ ಎಷ್ಟು ಬೇಕು ಅಂತ ಕೇಳಿದ್ದೀರಿ. ಮರದ ಚಕ್ಕೆಯಾದರೆ 3 ಇಂಚು ದಪ್ಪ ಹಾಕಿ, ಅಂದರೆ ಕಾಲು ಅಡಿ. ನಿಮ್ಮದು 80 ಚದರ ಅಡಿ ಅಲ್ವಾ, ಅದರ ಕಾಲು ಭಾಗ 20 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಒಟ್ಟು 566 ಲೀಟರ್, 12 ಚೀಲ ಬೇಕು.

ಆದರೆ ಕೊಳ್ಳುವ ಮೊದಲು ಪಾತಿಗೆ ಬೆರಳು ಇಳಿಸಿ ನೋಡಿ. ಹಳೆಯ ಮಲ್ಚ್ ಒಂದು ಇಂಚು ಉಳಿದಿದ್ದರೆ 8 ಚೀಲ ಸಾಕು. ಸುಮ್ನೆ ಜಾಸ್ತಿ ಸುರಿಯಬೇಡಿ, ಬೇರಿಗೆ ಗಾಳಿ ಸಿಗುವುದಿಲ್ಲ. ಕಾಂಡಕ್ಕೆ ತಾಗದಂತೆ ಸುತ್ತ ಎರಡು ಇಂಚು ಜಾಗ ಬಿಡಿ, ತಾಗಿದರೆ ಕೊಳೆಯಬಹುದು. ಒಣ ಎಲೆ ಹಾಕುವುದಾದರೆ ಮಾತ್ರ ಈ ಲೆಕ್ಕ ಸಾಲದು, ಅದು ಬೇಗ ಕುಗ್ಗುತ್ತದೆ.