12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು, ನನ್ನ ಸಂಬಳ ಯಾಕೆ ಒಂದು ರೂಪಾಯಿಯೂ ಜಾಸ್ತಿ ಆಗಲಿಲ್ಲ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ನಿಮ್ಮ ಸಂಬಳ ತಿಂಗಳಿಗೆ 16,500, ಕೈಗೆ ಬರುವುದು 14,576. ತಮ್ಮ ಡೆಲಿವರಿ ಕೆಲಸ ಮಾಡುತ್ತಾನೆ, ಅವನ ದುಡ್ಡಿನಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ ಅಂತಲೂ ಬರೆದಿದ್ದೀರಿ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಸಂಬಳದ ಲೆಕ್ಕ ಬರೆದವಳು. 2025ರ ಫೆಬ್ರವರಿ 1ರ ಬಜೆಟ್ ಆದ ಮರುದಿನ ಲೈನ್‌ನ ಹೆಂಗಸರು ನನ್ನ ಟೇಬಲ್ ಹತ್ತಿರ ಬಂದು ಇದನ್ನೇ ಕೇಳಿದರು. "ಅಕ್ಕಾ, ಈ ತಿಂಗಳಿಂದ ಕಟಿಂಗ್ ಇರಲ್ವಾ?"

ಸ್ಲಿಪ್ ತೆಗೆದು ನೋಡಿ. ಪಿಎಫ್ (ಭವಿಷ್ಯ ನಿಧಿ) 1,800, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 124. ಅಷ್ಟೇ ಅಲ್ವಾ? ಅದರಲ್ಲಿ ಆದಾಯ ತೆರಿಗೆ ಅನ್ನುವ ಸಾಲೇ ಇಲ್ಲ. ನಿಮ್ಮ ವರ್ಷದ ಸಂಬಳ 1,98,000. 2014ರಿಂದಲೇ 2.5 ಲಕ್ಷದವರೆಗೆ ತೆರಿಗೆ ಇರಲಿಲ್ಲ. 2019ರಲ್ಲಿ ರಿಬೇಟ್, ಅಂದರೆ ಬಂದ ತೆರಿಗೆಯಲ್ಲೇ ರಿಯಾಯಿತಿ ಕೊಟ್ಟು 5 ಲಕ್ಷದವರೆಗೆ ಮಾಫಿ ಮಾಡಿದರು, 2023ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷ, 2025ರಲ್ಲಿ 12 ಲಕ್ಷ. ಸಂಬಳದವರಿಗೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲೇ ಸಂಬಳದಿಂದ ಕಳೆಯುವ ಮೊತ್ತ) ಸೇರಿ 12.75 ಲಕ್ಷ. ಈ ಗೆರೆ ನಾಲ್ಕು ಸಲ ಮೇಲೆ ಹೋಯಿತು. ನೀವು ನಾಲ್ಕು ಸಲವೂ ಅದರ ಕೆಳಗೇ ಇದ್ದಿರಿ. ಕಟ್ಟದೇ ಇದ್ದ ತೆರಿಗೆಯನ್ನು ಬಿಟ್ಟುಕೊಟ್ಟರೆ ಕೈಗೆ ಏನೂ ಬರುವುದಿಲ್ಲ.

ಅದೇ ಬಜೆಟ್‌ನಿಂದ ತೆರಿಗೆ ಲೆಕ್ಕದ ಆದಾಯ ಸರಿಯಾಗಿ 12 ಲಕ್ಷ ಇರುವವರಿಗೆ ವರ್ಷಕ್ಕೆ 80 ಸಾವಿರ ಉಳಿಯಿತು. ಅವರಿಗೆ ಉಳಿದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಮಕ್ಕಳ ಫೀಸು, ಮನೆ ಸಾಲ ಅವರಿಗೂ ಇರುತ್ತದೆ. ಆದರೆ ಸುಮಾರು ಒಂದು ಲಕ್ಷ ಕೋಟಿ ಆದಾಯ ಬಿಟ್ಟುಕೊಟ್ಟೆವು ಅಂತ ಸರ್ಕಾರ ಹೇಳಿದಾಗ, ಅದರಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತವರ ಪಾಲು ಸೊನ್ನೆ ಅನ್ನುವುದನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತು. ಹೇಳದೇ ಇದ್ದದ್ದರಿಂದಲೇ ಆ ಹೆಂಗಸರು ಆಸೆ ಇಟ್ಟುಕೊಂಡು ಬಂದರು.

ನಿಮ್ಮಂಥವರಿಗೆ ನಿಜಕ್ಕೂ ಸಿಕ್ಕಿದ್ದು ಬೇರೆ ಎರಡು ಬದಲಾವಣೆ. ಒಂದು, ನಮ್ಮ ರಾಜ್ಯದ ವೃತ್ತಿ ತೆರಿಗೆ. ಮೊದಲು 15 ಸಾವಿರ ಮುಟ್ಟಿದರೆ ತಿಂಗಳಿಗೆ 200 ಹಿಡಿಯುತ್ತಿದ್ದೆವು. 2023ರ ಏಪ್ರಿಲ್‌ನಿಂದ 25 ಸಾವಿರದ ಒಳಗಿನವರಿಗೆ ಅದು ಇಲ್ಲ. ವರ್ಷಕ್ಕೆ 2,400 ಉಳಿತಾಯ. ಇದು ಯಾವ ಟಿವಿಯಲ್ಲೂ ದೊಡ್ಡದಾಗಿ ಬಂದ ನೆನಪಿಲ್ಲ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಇವುಗಳ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದದ್ದು. "ನಾವು ಬಡವರು, ನಮಗೆ ತೆರಿಗೆ ಇಲ್ಲ" ಅನ್ನುವುದು ತಪ್ಪು. ಅಂಗಡಿಯಲ್ಲಿ ಸೋಪು ಕೊಳ್ಳುವಾಗ ಮ್ಯಾನೇಜರ್ ಎಷ್ಟು ತೆರಿಗೆ ಕೊಡುತ್ತಾರೋ ನೀವೂ ಅಷ್ಟೇ ಕೊಡುತ್ತೀರಿ. ಹಾಗಾಗಿ ನಿಮ್ಮ ಮನೆಗೆ ಆದಾಯ ತೆರಿಗೆ ಸುದ್ದಿಗಿಂತ ಜಿಎಸ್‌ಟಿ ಸುದ್ದಿ ಮುಖ್ಯ.

ಆದರೆ ನಾನು ಇಷ್ಟುದ್ದ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ತೆರಿಗೆಯೇ ಬರದವರ ದುಡ್ಡು ತೆರಿಗೆ ಹೆಸರಿನಲ್ಲಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಲೈನ್‌ನಲ್ಲಿ ಕಾಲರ್ ಹೊಲಿಯುತ್ತಿದ್ದ ಒಬ್ಬ ಹುಡುಗಿ. ಮೂರೂವರೆ ವರ್ಷ ಕೆಲಸ ಮಾಡಿ, ಬಾಣಂತನಕ್ಕೆ ಅಂತ ಊರಿಗೆ ಹೋದವಳು ವಾಪಸ್ ಬರಲಿಲ್ಲ. 2024ರ ಆಗಸ್ಟ್‌ನಲ್ಲಿ ಪಿಎಫ್ ತೆಗೆದಳು. ಇದ್ದದ್ದು 72 ಸಾವಿರ, ಬ್ಯಾಂಕಿಗೆ ಬಂದದ್ದು 57,600. ಉಳಿದ 14,400 ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ಹಿಡಿದುಕೊಳ್ಳುವ ತೆರಿಗೆ. ಅವಳ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಫೋನ್ ಮಾಡಿ ಅತ್ತಳು. ಆಫೀಸಿನವರೇ ತಿಂದರು ಅಂತ ಅವಳಿಗೆ ಅನುಮಾನ.

ಆದದ್ದು ಇಷ್ಟು. ಐದು ವರ್ಷ ತುಂಬುವ ಮೊದಲು ಪಿಎಫ್ ತೆಗೆದರೆ, ಮೊತ್ತ 50 ಸಾವಿರ ದಾಟಿದರೆ 10% ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ಸರಿ ಇಲ್ಲದಿದ್ದರೆ 20%. ಅವಳ ಹತ್ತಿರ ಪ್ಯಾನ್ ಇತ್ತು, ಆದರೆ ಆಧಾರ್‌ಗೆ ಜೋಡಣೆ ಆಗಿರಲಿಲ್ಲ. ಆಧಾರ್‌ನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ನಮ್ಮ ಕಡೆಯ ಅರ್ಧ ಜನರ ಕಥೆ ಇದೇ. ಜೋಡಣೆ ಆಗದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ, ಅಂದರೆ ಇದ್ದೂ ಇಲ್ಲದ ಹಾಗೆ. ಮೊದಲೇ ಜೋಡಿಸಿ, ಪಿಎಫ್ ಅರ್ಜಿ ಜೊತೆ 15ಜಿ ಫಾರ್ಮ್ ಕೊಟ್ಟಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ನನ್ನ ಆದಾಯ ತೆರಿಗೆ ಮಟ್ಟಕ್ಕೆ ಬರುವುದಿಲ್ಲ, ಹಿಡಿಯಬೇಡಿ ಅಂತ ಬರೆದುಕೊಡುವ ಹಾಳೆ ಅದು. ಕೆಲಸ ಬಿಡುವ ದಿನ ಅವಳ ಕೈಗೆ ಆ ಹಾಳೆ ಯಾರೂ ಕೊಡಲಿಲ್ಲ. ನಾನೂ ಕೊಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆಮೇಲೆ ಹೆಸರು ತಿದ್ದಿಸಿದೆವು. ಸಾವಿರ ರೂಪಾಯಿ ಶುಲ್ಕ ಕಟ್ಟಿ ಪ್ಯಾನ್ ಜೋಡಿಸಿದೆವು. 2025ರ ಜುಲೈನಲ್ಲಿ ಒಂದು ಭಾನುವಾರ ಅವಳು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು, ಇಬ್ಬರೂ ಕೂತು ಮೊಬೈಲ್‌ನಲ್ಲೇ ರಿಟರ್ನ್, ಅಂದರೆ ವರ್ಷದ ಆದಾಯದ ಲೆಕ್ಕ, ಹಾಕಿದೆವು. ಒಟ್ಟು ಆದಾಯ ತೆರಿಗೆ ಮಟ್ಟಕ್ಕಿಂತ ಎಷ್ಟೋ ಕೆಳಗೆ, ಹಾಗಾಗಿ ಹಿಡಿದದ್ದೆಲ್ಲ ರೀಫಂಡ್. ಐದು ವಾರಕ್ಕೆ 14,400 ಅವಳ ಖಾತೆಗೆ ಬಂತು. ಮೆಸೇಜಿನ ಫೋಟೋ ಕಳಿಸಿದಳು, ಕೆಳಗೆ ಏನೂ ಬರೆದಿರಲಿಲ್ಲ.

ನೀವೂ ಕೆಲಸ ಬದಲಾಯಿಸುವವರಾದರೆ ಒಂದು ಮಾತು ಗಟ್ಟಿ ಹಿಡಿಯಿರಿ. ಹಳೇ ಫ್ಯಾಕ್ಟರಿಯ ಪಿಎಫ್ ತೆಗೆಯಬೇಡಿ, ಹೊಸ ಖಾತೆಗೆ ವರ್ಗ ಮಾಡಿಸಿ. ಎರಡೂ ಕಡೆಯ ವರ್ಷ ಸೇರಿ ಐದು ದಾಟಿದರೆ ಆಮೇಲೆ ತೆಗೆದರೂ ತೆರಿಗೆ ಇಲ್ಲ. ಕಾಯಿಲೆಯಿಂದ ಕೆಲಸ ಹೋದರೆ ಅಥವಾ ಫ್ಯಾಕ್ಟರಿಯೇ ಮುಚ್ಚಿದರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಇನ್ನು ನಿಮ್ಮ ತಮ್ಮ. ಡೆಲಿವರಿ ಹುಡುಗರನ್ನು ಕಂಪನಿಗಳು ನೌಕರರು ಅನ್ನುವುದಿಲ್ಲ, ಗುತ್ತಿಗೆಯವರು ಅನ್ನುತ್ತವೆ. ಅದಕ್ಕೇ 1% ಟಿಡಿಎಸ್ ಹಿಡಿಯುವುದು. ವರ್ಷಕ್ಕೆ 3 ಲಕ್ಷ ಸಿಕ್ಕಿದರೆ 3,000 ಹೋಗುತ್ತದೆ. ಪೆಟ್ರೋಲು, ಗಾಡಿ ರಿಪೇರಿ ಕಳೆದರೆ ಅವನಿಗೆ ತೆರಿಗೆ ಬರುವ ಮಾತೇ ಇಲ್ಲ. ಆದರೂ ರಿಟರ್ನ್ ಹಾಕದಿದ್ದರೆ ಆ 3,000 ಅಲ್ಲೇ ಉಳಿಯುತ್ತದೆ, ಯಾರೂ ಕರೆದು ವಾಪಸ್ ಕೊಡುವುದಿಲ್ಲ. ಆದಾಯ ತೆರಿಗೆ ವೆಬ್‌ಸೈಟ್‌ನಲ್ಲಿ ಅವನ ಪ್ಯಾನ್ ಹಾಕಿ ಒಳಗೆ ಹೋಗಿ, 26ಎಎಸ್ ಅಂತ ಇರುತ್ತದೆ, ಅದನ್ನು ತೆರೆಯಿರಿ. ಎಷ್ಟು ಹಿಡಿದಿದ್ದಾರೆ, ಯಾರು ಹಿಡಿದಿದ್ದಾರೆ ಎಲ್ಲ ಕಾಣುತ್ತದೆ. 2024-25ರ ರಿಟರ್ನ್‌ಗೆ 2025ರ ಸೆಪ್ಟೆಂಬರ್ ಗಡುವು ಮುಗಿದ ಮೇಲೂ ಆ ವರ್ಷದ ಡಿಸೆಂಬರ್ 31ರವರೆಗೆ ತಡವಾಗಿ ಹಾಕುವ ಅವಕಾಶ ಇತ್ತು. ಆದಾಯ ವಿನಾಯಿತಿ ಮಟ್ಟಕ್ಕಿಂತ ಕೆಳಗಿದ್ದರೆ ತಡದ ಶುಲ್ಕವೂ ಇಲ್ಲ.

ಹಾಕಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ದೃಢಪಡಿಸಬೇಕು. ಎಷ್ಟೋ ಹುಡುಗರು ಸೈಬರ್ ಸೆಂಟರ್‌ನಲ್ಲಿ ಹಾಕಿಸಿ ಇಲ್ಲೇ ಎಡವುತ್ತಾರೆ. ಒಟಿಪಿ ಕೊಡದಿದ್ದರೆ ಹಾಕಿದ್ದು ಹಾಕದ ಹಾಗೇ. ಮತ್ತೆ, ರೀಫಂಡ್‌ನಲ್ಲಿ ಇಷ್ಟು ಪಾಲು ಕೊಡಿ, ಜಾಸ್ತಿ ಮಾಡಿಸಿ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಇಲ್ಲದ ಬಾಡಿಗೆ, ಇಲ್ಲದ ವಿಮೆ ತೋರಿಸಿ ಹಾಕುತ್ತಾರೆ, ನೋಟಿಸ್ ಬರುವುದು ನಿಮ್ಮ ತಮ್ಮನ ಹೆಸರಿಗೆ.

26ಎಎಸ್ ತೆರೆದ ಮೇಲೆ ಅದರಲ್ಲಿ ಯಾವ ಸೆಕ್ಷನ್, ಎಷ್ಟು ಮೊತ್ತ ಅಂತ ಇಲ್ಲಿ ಬರೆಯಿರಿ. 194ಸಿ (ಗುತ್ತಿಗೆ ದುಡ್ಡಿನ ಟಿಡಿಎಸ್) ಅಂತ ಇದ್ದರೆ ಸಾಮಾನ್ಯವಾಗಿ ಐಟಿಆರ್-4 ಅನ್ನುವ ರಿಟರ್ನ್ ಫಾರ್ಮ್ ಸಾಕು. ಪ್ಯಾನ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ. ಭಾನುವಾರ ಸಂಜೆ ನಾನು ಬಿಡುವಾಗಿರುತ್ತೇನೆ, ಒಂದೊಂದೇ ಹೆಜ್ಜೆ ಹೇಳಿಕೊಡುತ್ತೇನೆ.